ಫಿಶ್ ಫೈಂಡರ್ ತೋರಿಸುವುದು ನೀರಿನಡಿಯ ಫೋಟೋವನ್ನೇ?

ತೆಪ್ಪದ ಅಂಚಿಗೆ ಒಂದು ಪುಟ್ಟ ಪರದೆ ಸಿಕ್ಕಿಸಿಕೊಂಡು, ಅದರಲ್ಲಿ ಮೀನು ಎಲ್ಲಿದೆ ಎಂದು ನೋಡಿ, ಅಲ್ಲೇ ಬಲೆ ಬಿಡುವ ವಿಡಿಯೋಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿರುತ್ತೇವೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ, ಅಂದರೆ ಕೆಆರ್‌ಎಸ್ ಜಲಾಶಯ ಹರಡಿಕೊಂಡಿರುವ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯ ಕಡೆ ಮೀನು ಹಿಡಿಯುವವರಿಗೂ ಈ ಯಂತ್ರ ಆಸೆ ಹುಟ್ಟಿಸುವಂಥದ್ದೇ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಮೇಲೆ ಮಾತ್ರ ಹಲವರಿಗೆ ಬೇಸರವಾಗುತ್ತದೆ. ಪರದೆಯ ತುಂಬ ಮೀನು ಕಾಣುತ್ತದೆ, ಬಲೆಗೆ ಒಂದೂ ಬೀಳುವುದಿಲ್ಲ.

ಯಂತ್ರ ಕೆಟ್ಟಿದೆಯೇ? ಹೆಚ್ಚಿನ ಸಲ ಇಲ್ಲ. ಅದು ಹೇಳುತ್ತಿರುವುದನ್ನು ನಾವು ಫೋಟೋ ಎಂದುಕೊಂಡು ಓದುತ್ತಿರುತ್ತೇವೆ. ಅದು ಫೋಟೋ ಅಲ್ಲ, ಪ್ರತಿಧ್ವನಿಗಳ ದಿನಚರಿ.

ಕೂಗು ಮತ್ತು ಮರುಕೂಗು

ಬೆಟ್ಟದ ಎದುರು ನಿಂತು ಕೂಗಿದರೆ ನಮ್ಮ ದನಿಯೇ ಮರಳಿ ಬರುತ್ತದೆ. ಬೆಟ್ಟ ದೂರವಿದ್ದಷ್ಟೂ ದನಿ ತಡವಾಗಿ ಬರುತ್ತದೆ. ಫಿಶ್ ಫೈಂಡರ್ ಮಾಡುವುದೂ ಇಷ್ಟೇ. ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಎಂಬ ಭಾಗ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಕೆಳಕ್ಕೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಗೆ ಕಾಯುತ್ತದೆ. ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. 15 ಮೀಟರ್ ಆಳದ ತಳಕ್ಕೆ ತಾಗಿ ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಐವತ್ತನೇ ಒಂದು ಭಾಗ ಮಾತ್ರ. ಆ ಸಮಯವನ್ನು ಅಳೆದು ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಜಪಾನಿನ ಫುರುನೊ ಸಹೋದರರು 1948ರಲ್ಲೇ ಮೀನುಗಾರರಿಗಾಗಿ ಇಂಥ ಯಂತ್ರವನ್ನು ಮಾರಾಟಕ್ಕೆ ತಂದಿದ್ದರು.

ಶಬ್ದಕ್ಕೆ ಮೀನಿನ ಮಾಂಸಕ್ಕೂ ನೀರಿಗೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಟ್ಲಾ, ರೋಹು, ಜಿಲೇಬಿಯಂಥ ಮೀನುಗಳ ಹೊಟ್ಟೆಯೊಳಗೆ ತೇಲಲು ನೆರವಾಗುವ ಒಂದು ಗಾಳಿಚೀಲವಿದೆ. ಬಲವಾದ ಪ್ರತಿಧ್ವನಿ ಬರುವುದು ಮುಖ್ಯವಾಗಿ ಅದರಿಂದ. ಅಂದರೆ ನಾವು ಪರದೆಯಲ್ಲಿ ನೋಡುವುದು ಮೀನಿನ ಆಕಾರವನ್ನಲ್ಲ, ಅದರೊಳಗಿನ ಗಾಳಿಯ ಗುರುತನ್ನು.

ಪರದೆಯ ಅಗಲ ದೂರವಲ್ಲ, ಸಮಯ

ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ಪರದೆಯ ಬಲತುದಿಯ ಸಣ್ಣ ಗೆರೆ ಮಾತ್ರ ಈ ಕ್ಷಣದ್ದು. ಅದರ ಎಡಕ್ಕಿರುವುದೆಲ್ಲ ಆಗಲೇ ಕಳೆದುಹೋದದ್ದು. ಪರದೆಯ ನಡುವೆ ಮೀನು ಕಂಡರೆ ಅದು ತೆಪ್ಪದ ಎಡಕ್ಕಿದೆ ಎಂದಲ್ಲ, ಸ್ವಲ್ಪ ಹೊತ್ತಿನ ಹಿಂದೆ ತೆಪ್ಪದ ಕೆಳಗಿತ್ತು ಎಂದರ್ಥ.

ತೆಪ್ಪವನ್ನು ಒಂದು ಗೂಟಕ್ಕೆ ಕಟ್ಟಿ ಸುಮ್ಮನೆ ಕೂತು ನೋಡಿ. ಪರದೆ ಓಡುತ್ತಲೇ ಇರುತ್ತದೆ, ತಳ ಉದ್ದಕ್ಕೆ ಸಮತಟ್ಟಾಗಿ ಮೂಡುತ್ತದೆ. ನಾವು ಒಂದು ಅಡಿಯೂ ಚಲಿಸಿರುವುದಿಲ್ಲ. ಹಾಗೆಯೇ ಮುಳುಗಿದ ಮರದ ಬೊಡ್ಡೆಯ ಮೇಲೆ ಎರಡು ನಿಮಿಷ ನಿಂತರೆ, ಪರದೆಯಲ್ಲಿ ಅದು ಉದ್ದನೆಯ ದಿಬ್ಬವಾಗಿಬಿಡುತ್ತದೆ.

ದೊಡ್ಡ ಕಮಾನು ಎಂದರೆ ದೊಡ್ಡ ಮೀನೇ?

ಅಲ್ಲ. ಶಬ್ದ ಕೆಳಕ್ಕೆ ಹೋಗುವುದು ಟಾರ್ಚ್ ಬೆಳಕಿನಂತೆ, ಹೋದಂತೆ ಹೋದಂತೆ ಅಗಲವಾಗುತ್ತ. ಮೀನು ಈ ಶಂಕುವಿನ ಅಂಚಿನಲ್ಲಿದ್ದಾಗ ನಮ್ಮಿಂದ ತುಸು ದೂರ, ನಡುವೆ ಬಂದಾಗ ಹತ್ತಿರ, ಆಚೆ ಹೋಗುವಾಗ ಮತ್ತೆ ದೂರ. ದೂರವನ್ನೆಲ್ಲ ಯಂತ್ರ ಆಳವೆಂದೇ ಬರೆಯುವುದರಿಂದ ಕಮಾನು ಮೂಡುತ್ತದೆ.

ಕಮಾನಿನ ಉದ್ದ ಹೇಳುವುದು ಮೀನು ಎಷ್ಟು ಹೊತ್ತು ಶಂಕುವಿನೊಳಗಿತ್ತು ಎಂಬುದನ್ನು. ಒಂದೇ ಗಾತ್ರದ ಎರಡು ಮೀನುಗಳಲ್ಲಿ ಆಳದಲ್ಲಿರುವುದರ ಕಮಾನು ಹೆಚ್ಚು ಉದ್ದ, ಏಕೆಂದರೆ ಅಲ್ಲಿ ಶಂಕು ಅಗಲ. ತೆಪ್ಪವೂ ಮೀನೂ ನಿಂತಲ್ಲೇ ಇದ್ದರೆ ಕಮಾನೇ ಇರುವುದಿಲ್ಲ, ಉದ್ದ ಗೆರೆ ಬರುತ್ತದೆ. ಗಾತ್ರದ ಬಗ್ಗೆ ಒಂದಿಷ್ಟು ಸುಳಿವು ಬೇಕಿದ್ದರೆ ಕಮಾನಿನ ದಪ್ಪ ಮತ್ತು ಬಣ್ಣವನ್ನು ನೋಡಬೇಕು. ಅದೂ ಅಂದಾಜು ಮಾತ್ರ, ಅಂಚಿನಲ್ಲಿ ಹಾದ ದೊಡ್ಡ ಮೀನು ಕೂಡ ಮಂಕಾಗಿ ಕಾಣಬಹುದು.

ಇನ್ನು ಪರದೆಯಲ್ಲಿ ಮುದ್ದಾಗಿ ತೇಲುವ ಮೀನಿನ ಚಿತ್ರಗಳು ಯಂತ್ರದೊಳಗಿನ ತಂತ್ರಾಂಶದ ಊಹೆ. ಗಾಳಿಗುಳ್ಳೆ, ಜೊಂಡು, ಮುಳುಗಿದ ಬಾಟಲಿ ಯಾವುದಕ್ಕೂ ಅದು ಮೀನಿನ ಚಿತ್ರ ಅಂಟಿಸಬಹುದು. ಆ ಸೌಲಭ್ಯವನ್ನು ಆಫ್ ಮಾಡುವುದೇ ಓದಲು ಕಲಿಯುವ ಮೊದಲ ಹೆಜ್ಜೆ.

ತಳ ಹೇಳುವ ಕಥೆ

ಬಂಡೆ ಅಥವಾ ಗಟ್ಟಿ ನೆಲವಿದ್ದರೆ ತಳದ ಪಟ್ಟಿ ಗಾಢ ಬಣ್ಣದಲ್ಲಿರುತ್ತದೆ. ಎಷ್ಟೋ ಸಲ ಸರಿಯಾಗಿ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಾಣುತ್ತದೆ. ಅದು ಸುಳ್ಳು ತಳ. ಶಬ್ದ ನೀರಿನ ಮೇಲ್ಮೈಗೆ ಬಡಿದು ಮತ್ತೊಂದು ಸುತ್ತು ಹೊಡೆದು ಬಂದದ್ದರ ಗುರುತು. ಮೆತ್ತನೆಯ ಹೂಳು ಶಬ್ದವನ್ನು ನುಂಗುವುದರಿಂದ ಪಟ್ಟಿ ಮಂಕಾಗುತ್ತದೆ, ಎರಡನೇ ತಳ ಕಾಣುವುದೇ ಇಲ್ಲ. ತಳದಿಂದ ಓರೆಯಾಗಿ ಮೇಲೇಳುವ ತೆಳು ಗೆರೆಗಳು ಹೆಚ್ಚಾಗಿ ಕೊಳೆತ ಹೂಳಿನಿಂದ ಏಳುವ ಅನಿಲದ ಗುಳ್ಳೆಗಳು.

ಆಳದ ಬಗ್ಗೆಯೂ ಒಂದು ತಪ್ಪು ಕಲ್ಪನೆಯಿದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಪತ್ರಿಕೆಯಲ್ಲಿ ‘ನೀರಿನ ಮಟ್ಟ 110 ಅಡಿ’ ಎಂದು ಓದಿ, ತೆಪ್ಪದ ಕೆಳಗೂ ಅಷ್ಟೇ ನೀರಿದೆ ಎಂದುಕೊಳ್ಳಬಾರದು. ಅದು ಕಟ್ಟೆಯ ಬಳಿಯ ಅಳತೆ. ಹಿನ್ನೀರಿನ ಅಂಚಿಗೆ ಹೋದಂತೆ ಆಳ ಕಡಿಮೆಯಾಗುತ್ತ ಹೋಗುತ್ತದೆ. ಹಳೆಯ ಕನ್ನಂಬಾಡಿ ಊರೇ ಮುಳುಗಿದ ಜಲಾಶಯವಿದು. ಹಳೆಯ ಹೊಳೆಯ ಪಾತ್ರ, ಹೊಲದ ಬದು, ಕಲ್ಲುಗಳ ಮೇಲೆ ಹಾದಾಗ ತಳ ಥಟ್ಟನೆ ಏರಿಳಿಯುವುದು ಸಹಜ.

ಇಳಿಜಾರಿನಲ್ಲಿ ಇನ್ನೊಂದು ಮೋಸವಿದೆ. ಶಂಕುವಿನೊಳಗೆ ಯಾವ ತಳ ಅತಿ ಹತ್ತಿರವೋ ಅದನ್ನೇ ಯಂತ್ರ ಆಳವೆಂದು ತೋರಿಸುತ್ತದೆ. ಅದಕ್ಕಿಂತ ಕೆಳಗಿನ ತಗ್ಗಿನಲ್ಲಿ ಮಲಗಿರುವ ಮೀನು ತಳದ ಬಣ್ಣದೊಳಗೆ ಅಡಗಿಬಿಡುತ್ತದೆ. ಕಾಣಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಮೀನಿಲ್ಲ ಎಂದಲ್ಲ.

ಚಿತ್ರ ಚೆನ್ನಾಗಿ ಮೂಡಲು ಏನು ಮಾಡಬೇಕು?

ಮೊದಲು ಟ್ರಾನ್ಸ್‌ಡ್ಯೂಸರ್ ಸರಿಯಾಗಿ ಕೂರಬೇಕು. ಬಿದಿರಿನ ತೆಪ್ಪದ ಒಳಗಿಟ್ಟರೆ ಅದು ಕೆಲಸ ಮಾಡದು, ನಡುವಿನ ಗಾಳಿ ಶಬ್ದವನ್ನು ತಡೆಯುತ್ತದೆ. ಒಂದು ಗಟ್ಟಿ ಕೋಲಿಗೆ ಅಥವಾ ಪಿವಿಸಿ ಪೈಪಿಗೆ ಕಟ್ಟಿ, ತೆಪ್ಪದ ತಳಕ್ಕಿಂತ ತುಸು ಕೆಳಗೆ, ನೇರ ಕೆಳಮುಖವಾಗಿ ನಿಲ್ಲಿಸಿ. ಓರೆಯಾದರೆ ಕಮಾನುಗಳು ಅರ್ಧಂಬರ್ಧ ಮೂಡುತ್ತವೆ. ಅದರ ಮುಖಕ್ಕೆ ಅಂಟಿದ ಪಾಚಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿರಿ.

ಎರಡನೆಯದು ಆವರ್ತನ. 200 ಕಿಲೋಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ ಶಂಕು ಸುಮಾರು 20 ಡಿಗ್ರಿ. 10 ಮೀಟರ್ ಆಳದಲ್ಲಿ ಅದು ನೋಡುವುದು ಮೂರೂವರೆ ಮೀಟರ್ ಅಗಲದ ವೃತ್ತವನ್ನು. 83 ಕಿಲೋಹರ್ಟ್ಸ್‌ನಲ್ಲಿ ಶಂಕು 60 ಡಿಗ್ರಿಯಷ್ಟಿದ್ದರೆ ಅದೇ ಆಳದಲ್ಲಿ ವೃತ್ತ ಹನ್ನೊಂದೂವರೆ ಮೀಟರ್. ಅಗಲ ಹೆಚ್ಚಿದಷ್ಟೂ ವಿವರ ಕಡಿಮೆ. ಹುಡುಕಲು ಅಗಲ, ತಿಳಿಯಲು ಕಿರಿದು ಎಂದು ನೆನಪಿಟ್ಟುಕೊಂಡರೆ ಸಾಕು.

ಮೂರನೆಯದು ಸೆನ್ಸಿಟಿವಿಟಿ. ಪರದೆಯ ತುಂಬ ಚುಕ್ಕಿಗಳು ಏಳುವವರೆಗೆ ಹೆಚ್ಚಿಸಿ, ಅವು ಮಾಯವಾಗುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಚುಕ್ಕಿ ಕಂಡ ಕೂಡಲೇ ತೀರಾ ಕಡಿಮೆ ಮಾಡಿದರೆ ಮೀನೂ ಅಳಿಸಿಹೋಗುತ್ತದೆ. ಮೋಟಾರ್ ಇದ್ದರೆ ಯಂತ್ರಕ್ಕೆ ಬೇರೆಯೇ ಬ್ಯಾಟರಿ ಕೊಡಿ, ಅಡ್ಡಾದಿಡ್ಡಿ ಗೆರೆಗಳು ಬಹಳ ಕಡಿಮೆಯಾಗುತ್ತವೆ.

ಕೊನೆಯದಾಗಿ, ಒಂದು ದೊಡ್ಡ ಕಬ್ಬಿಣದ ನಟ್ಟನ್ನು ಹಗ್ಗಕ್ಕೆ ಕಟ್ಟಿ, ಮೀಟರಿಗೊಂದು ಗಂಟು ಹಾಕಿ, ಟ್ರಾನ್ಸ್‌ಡ್ಯೂಸರ್ ಕೆಳಗೇ ನಿಧಾನ ಇಳಿಸಿ. ಐದನೇ ಗಂಟಿಗೆ ಪರದೆಯ ಐದು ಮೀಟರಿನಲ್ಲಿ ಗೆರೆ ಕಂಡರೆ ಯಂತ್ರವೂ ಸರಿ, ನಾವು ಓದಿದ್ದೂ ಸರಿ. ಹತ್ತು ವಿಡಿಯೋ ಕಲಿಸದ್ದನ್ನು ಈ ಹತ್ತು ನಿಮಿಷ ಕಲಿಸುತ್ತದೆ.

ಪಕ್ಕದ ನೋಟ ತೋರಿಸುವ ‘ಸೈಡ್ ಸ್ಕ್ಯಾನ್’ ಯಂತ್ರಗಳಿಗೆ ಹೆಚ್ಚು ಹಣ ಕೊಡುವ ಮುನ್ನ ಯೋಚಿಸಿ. ದೋಣಿ ಒಂದೇ ವೇಗದಲ್ಲಿ ನೇರ ಸಾಗಿದರೆ ಮಾತ್ರ ಆ ಚಿತ್ರ ಸರಿಯಾಗಿ ಬರುತ್ತದೆ. ಹುಟ್ಟು ಹಾಕಿದಂತೆಲ್ಲ ತಿರುಗುವ ತೆಪ್ಪದಲ್ಲಿ ಅದು ಕಲಸಿಹೋಗುತ್ತದೆ.

ಎಲ್ಲಿ ಬೇಡ?

ನಾಗಮಂಗಲದ ಕಡೆಯ ಹೂಳು ತುಂಬಿದ ಊರಕೆರೆಯಲ್ಲಿ ನೀರು ಎರಡು ಮೀಟರ್ ಇದೆ ಎಂದುಕೊಳ್ಳಿ. ಅಲ್ಲಿ 20 ಡಿಗ್ರಿಯ ಶಂಕು ತಳದಲ್ಲಿ ನೋಡುವುದು ಬರೀ 70 ಸೆಂಟಿಮೀಟರ್ ಅಗಲವನ್ನು, ಒಂದು ದೊಡ್ಡ ತಟ್ಟೆಯಷ್ಟು ಜಾಗವನ್ನು. ಅಂಥ ಕೆರೆಗೆ ಈ ಯಂತ್ರದ ಖರ್ಚು ದಂಡ. ಅಲ್ಲಿ ಅನುಭವಿಗಳ ಕಣ್ಣೇ ಮೇಲು.

ನೀರಿಗೆ ಯಾರಾದರೂ ಬಿದ್ದಾಗ ‘ಫಿಶ್ ಫೈಂಡರ್ ಇದ್ದರೆ ಹುಡುಕಬಹುದಿತ್ತು’ ಎಂಬ ಮಾತೂ ಕೇಳಿಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿ ಸೇರಿದ ಲಾರಿಯನ್ನು ಹುಡುಕಲು ನೌಕಾಪಡೆಯ ಸೋನಾರ್ ಬಂದಿತ್ತು. ಲಾರಿ ಮೇಲೆ ಬಂದದ್ದು ಡ್ರೆಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ರಂದು. ರಭಸದ ನೀರು, ಮಣ್ಣಿನ ರಾಶಿಯ ಎದುರು ಅಂಥ ಸೋನಾರ್‌ಗೂ ಮಿತಿಯಿದೆ. ಪುಟ್ಟ ಯಂತ್ರದ ಪರದೆ ಖಾಲಿ ಕಂಡಿತೆಂದು ‘ಇಲ್ಲಿ ಯಾರೂ ಇಲ್ಲ’ ಎಂದು ತೀರ್ಮಾನಿಸುವುದು ಅಪಾಯ. ಮೊದಲು 112ಕ್ಕೆ ಕರೆ ಮಾಡಿ, ಮುಳುಗುಗಾರರಿಗೆ ಜಾಗ ಬಿಡಿ.

ಒಟ್ಟಿನಲ್ಲಿ ಫಿಶ್ ಫೈಂಡರ್ ಒಳ್ಳೆಯ ಕಿವಿ, ಕಣ್ಣಲ್ಲ. ಕೇಳಿಸಿಕೊಂಡದ್ದನ್ನು ಅದು ಬರೆದಿಡುತ್ತದೆ. ಓದಿ ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದೇ. ತೆಪ್ಪ ಹತ್ತುವ ಮುನ್ನ ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ಮಾತ್ರ ಯಾವ ಯಂತ್ರವೂ ನೆನಪಿಸುವುದಿಲ್ಲ. ಅದನ್ನು ನಾವೇ ನೆನಪಿಟ್ಟುಕೊಳ್ಳೋಣ.