ಐಸ್‌ಕ್ಯಾಂಡಿಗೆ ಅಂಟಿದ ಅಪವಾದ

ಏಪ್ರಿಲ್ ಬಂತೆಂದರೆ ಮಕ್ಕಳ ಕೈ ಫ್ರಿಜ್ಜಿನ ಬಾಗಿಲಿಗೆ ಹೋಗುತ್ತದೆ, ಅದರ ಹಿಂದೆಯೇ ಒಳಗಿನಿಂದ ಒಂದು ದನಿ ಬರುತ್ತದೆ: ‘ಬೇಡ, ನೆಗಡಿ ಆಗುತ್ತೆ!’ ಮಾವಿನಹಣ್ಣಿನ ರಸ ಹಿಂಡಿ, ಸ್ಟೀಲ್ ಲೋಟಕ್ಕೆ ಸುರಿದು, ನಡುವೆ ಕಡ್ಡಿ ನಿಲ್ಲಿಸಿ ರಾತ್ರಿಯಿಡೀ ಕಾದ ಮಗುವಿಗೆ ಬೆಳಿಗ್ಗೆ ನಾಲ್ಕು ಸಲ ಚೀಪುವಷ್ಟರಲ್ಲಿ ಕ್ಯಾಂಡಿ ಕೈತಪ್ಪುತ್ತದೆ. ಅಜ್ಜಿ, ಅಮ್ಮ, ಪಕ್ಕದ ಮನೆಯವರು, ಎಂಜಿನಿಯರಿಂಗ್ ಓದಿದ ಚಿಕ್ಕಪ್ಪ, ಎಲ್ಲರದೂ ಒಂದೇ ರಾಗ. ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹಿರಿಯರು ಹೇಳುತ್ತಾರೆ, ಮಗು ನಂಬುತ್ತದೆ, ಬೆಳೆದ ಮೇಲೆ ತನ್ನ ಮಗುವಿಗೂ ಅದನ್ನೇ ಹೇಳುತ್ತದೆ. ನಿಜವೋ ಸುಳ್ಳೋ ಎಂದು ನಡುವೆ ಯಾರೂ ಕೇಳುವುದಿಲ್ಲ.

ನಿಜವಲ್ಲ. ನೆಗಡಿ ಬರುವುದು ವೈರಸ್ಸಿನಿಂದ. ನೆಗಡಿ ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು ಬಗೆಯವಿವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ರೈನೋವೈರಸ್. ಅದು ಒಬ್ಬರ ಮೂಗಿನಿಂದ ಹೊರಟು ಗಾಳಿಯಲ್ಲೋ, ಕೈಯ ಮೂಲಕವೋ ಇನ್ನೊಬ್ಬರ ಮೂಗು, ಕಣ್ಣು ಸೇರಬೇಕು. ಸೇರಿದ ಮೇಲೂ ಸೀನು, ಸುರಿಯುವ ಮೂಗು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹಾಗಿದ್ದ ಮೇಲೆ ಮಧ್ಯಾಹ್ನದ ಐಸ್‌ಕ್ಯಾಂಡಿಗೂ ಸಂಜೆಯ ಸೀನಿಗೂ ಗಂಟು ಹಾಕುವುದು ಹೇಗೆ? ಸಂಜೆ ಸೀನಿದ ಮಗುವಿಗೆ ವೈರಸ್ ಅಂಟಿದ್ದು ಮೊನ್ನೆ ಮದುವೆಮನೆಯಲ್ಲಿ, ಮೂಗು ಸುರಿಸುತ್ತಿದ್ದ ದೊಡ್ಡಪ್ಪನ ಮಗನ ಜೊತೆ ಆಡುವಾಗ. ಆ ಹುಡುಗನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಬರೀ ವಾದವಲ್ಲ, ಪರೀಕ್ಷೆಯನ್ನೂ ಮಾಡಿ ನೋಡಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆಂದೇ 1946ರಲ್ಲಿ ಒಂದು ಸಂಶೋಧನಾ ಘಟಕ ಶುರುವಾಯಿತು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅಲ್ಲಿನ ಪ್ರಯೋಗಗಳ ಹಿಂದಿದ್ದವರು ಕ್ರಿಸ್ಟೋಫರ್ ಆಂಡ್ರ್ಯೂಸ್. 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪತ್ತೆಹಚ್ಚಿದ ಮೂವರಲ್ಲಿ ಅವರೂ ಒಬ್ಬರು. ಸ್ವಯಂಸೇವಕರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು. ಆಮೇಲೆ ಒದ್ದೆ ಕಾಲುಚೀಲ ಹಾಕಿಸಿ ಗಂಟೆಗಟ್ಟಲೆ ಕೂರಿಸಿದರು. ನಮ್ಮ ಯಾವ ಅಜ್ಜಿ ನೋಡಿದರೂ ಎದೆ ಒಡೆದುಕೊಳ್ಳುವಂಥ ಚಳಿ ಅದು. ಬರೀ ಚಳಿಗೊಡ್ಡಿದ ಗುಂಪಿನಲ್ಲಿ ಯಾರಿಗೂ ನೆಗಡಿ ಬರಲಿಲ್ಲ. ನೆಗಡಿ ಬಂದದ್ದು ಮೂಗಿಗೆ ವೈರಸ್ ಹಾಕಿಸಿಕೊಂಡವರಿಗೆ. ಅಮೆರಿಕದಲ್ಲಿ 1968ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು.

ಇದಕ್ಕೆ ಎದುರಾಗಿ ಕಾಣುವ ಒಂದು ಅಧ್ಯಯನವೂ ಇದೆ, ಅದನ್ನು ಮುಚ್ಚಿಡಬಾರದು. 2005ರಲ್ಲಿ ಕಾರ್ಡಿಫ್‌ನ ಸಂಶೋಧಕರು 180 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂರುವಂತೆ ಮಾಡಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ನೆಗಡಿಯ ಲಕ್ಷಣ ಇದೆ ಎಂದವರು ಆ ಗುಂಪಿನಲ್ಲೇ ಹೆಚ್ಚು. ಆದರೆ ವೈರಸ್ ಇತ್ತೋ ಇಲ್ಲವೋ ಎಂದು ಅಲ್ಲಿ ಪರೀಕ್ಷಿಸಲಿಲ್ಲ. ಮೊದಲೇ ಮೈಯಲ್ಲಿ ಅಡಗಿದ್ದ ವೈರಸ್ಸಿಗೆ ಚಳಿ ದಾರಿ ಮಾಡಿಕೊಟ್ಟಿರಬಹುದು ಎಂದಷ್ಟೇ ಅವರು ಊಹಿಸಿದ್ದು. ಅದೂ ಮೈ ಕೊರೆಯುವ ಚಳಿಯ ಮಾತು. ದಾವಣಗೆರೆಯ ಮೇ ತಿಂಗಳ ಬಿಸಿಲಲ್ಲಿ ಚೀಪುವ ಮಾವಿನ ಕ್ಯಾಂಡಿಗೂ ಅದಕ್ಕೂ ಎತ್ತಣ ಸಂಬಂಧ?

‘ಎದೆಯಲ್ಲಿ ಕಫ ಕಟ್ಟುತ್ತೆ’ ಎನ್ನುವವರು ಕ್ಯಾಂಡಿ ಹೋಗುವ ದಾರಿಯನ್ನು ಒಮ್ಮೆ ಯೋಚಿಸಿ ನೋಡಲಿ. ಅದು ನಾಲಿಗೆಯ ಮೇಲೆಯೇ ಕರಗುತ್ತದೆ, ಅನ್ನನಾಳದಲ್ಲಿ ಇಳಿಯುತ್ತದೆ, ಹೊಟ್ಟೆ ಸೇರಿ ಸ್ವಲ್ಪ ಹೊತ್ತಿನಲ್ಲೇ ಮೈಯ ಬಿಸಿಗೆ ಬರುತ್ತದೆ. ಶ್ವಾಸಕೋಶಕ್ಕೆ ಹೋಗುವ ದಾರಿಯೇ ಬೇರೆ. ಗಂಟಲಿಗೂ ತಂಪು ಶತ್ರುವಲ್ಲ. ಟಾನ್ಸಿಲ್ ತೆಗೆದ ಮೇಲೆ ಮಕ್ಕಳಿಗೆ ಐಸ್‌ಕ್ರೀಂ ತಿನ್ನಿಸಿ ಎಂದು ವೈದ್ಯರೇ ಹೇಳುತ್ತಾರೆ, ಏಕೆಂದರೆ ತಂಪು ನೋವನ್ನು ತಗ್ಗಿಸುತ್ತದೆ. ಗಂಟಲು ಕೆರೆದು ಊಟ ಬೇಡವೆನ್ನುವ ಮಗುವೂ ಐಸ್‌ಕ್ಯಾಂಡಿಯ ರೂಪದಲ್ಲಿ ಕೊಟ್ಟರೆ ನಾಲ್ಕು ಗುಟುಕು ನೀರನ್ನಾದರೂ ಒಳಗಿಳಿಸುತ್ತದೆ. ದಮ್ಮಿನ ತೊಂದರೆ ಇರುವ ಕೆಲವು ಮಕ್ಕಳಿಗೆ ತುಂಬ ತಣ್ಣಗಿನದು ಕೆಮ್ಮು ಎಬ್ಬಿಸಬಹುದು. ಅಂಥ ಮಗು ಮನೆಯಲ್ಲಿದ್ದರೆ ಎಚ್ಚರ ಬೇಕು. ಆ ಎಚ್ಚರವನ್ನು ಊರಿನ ಮಕ್ಕಳಿಗೆಲ್ಲ ಹೇರಬೇಕಿಲ್ಲ.

ಇಷ್ಟಾದರೂ ನಂಬಿಕೆ ಏಕೆ ಅಲುಗುವುದಿಲ್ಲ? ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಮಾಮೂಲು. ಬೇಸಿಗೆಯಲ್ಲಿ ಮಕ್ಕಳು ದಿನವೂ ಏನಾದರೊಂದು ತಣ್ಣಗಿನದು ಕುಡಿದಿರುತ್ತಾರೆ. ಯಾವ ದಿನ ಮೂಗು ಸುರಿದರೂ ಅದರ ಹಿಂದಿನ ದಿನ ಒಂದು ಕ್ಯಾಂಡಿಯೋ ಶರಬತ್ತೋ ಇದ್ದೇ ಇರುತ್ತದೆ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕ್ಯಾಂಡಿ ತಿಂದೂ ನೆಗಡಿಯಾಗದ ನೂರು ದಿನಗಳನ್ನು ಲೆಕ್ಕ ಇಡುವವರಿಲ್ಲ. ಇನ್ನು ಒಂದೇ ಕಡ್ಡಿಯನ್ನು ನಾಲ್ಕು ಮಕ್ಕಳು ಸರದಿಯಲ್ಲಿ ನೆಕ್ಕಿ, ಆ ಕೈಯಲ್ಲೇ ಮೂಗು ಒರೆಸಿಕೊಂಡರೆ ವೈರಸ್ಸೂ ಸರದಿಯಲ್ಲಿ ಸಾಗುತ್ತದೆ. ಅಲ್ಲಿ ತಪ್ಪು ಹಂಚಿ ತಿಂದದ್ದರಲ್ಲಿದೆ, ತಂಪಿನಲ್ಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ತಂಪಿಗೆ ಹೆದರುವ ಇದೇ ಮನೆಗಳಲ್ಲಿ, ನಿಜವಾಗಿ ಹೆದರಬೇಕಾದದ್ದಕ್ಕೆ ಯಾರೂ ಹೆದರುವುದಿಲ್ಲ. ‘ಐಸ್ ಆದ ಮೇಲೆ ಕ್ರಿಮಿ ಎಲ್ಲಿ ಬದುಕುತ್ತೆ’ ಎನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಬದುಕುತ್ತದೆ. ಪ್ರಯೋಗಾಲಯಗಳು ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಕಾಪಾಡುವುದೇ ಸೊನ್ನೆಗಿಂತ 80 ಡಿಗ್ರಿ ಕೆಳಗಿಟ್ಟು. ನಿಮ್ಮ ಮನೆಯ ಫ್ರೀಜರ್ ಸೊನ್ನೆಗಿಂತ 18 ಡಿಗ್ರಿಯಷ್ಟು ಕೆಳಗಿರುತ್ತದೆ. ಅಲ್ಲಿ ಅವು ನಿದ್ದೆ ಹೋಗುತ್ತವೆ, ಲೋಟದಲ್ಲಿ ಕರಗಿದಾಗ ಏಳುತ್ತವೆ. 1994ರಲ್ಲಿ ಅಮೆರಿಕದಲ್ಲಿ ಒಂದು ಐಸ್‌ಕ್ರೀಮಿನಿಂದ ಸುಮಾರು 2,24,000 ಜನ ಸಾಲ್ಮೊನೆಲ್ಲಾ ಸೋಂಕಿಗೆ ಸಿಕ್ಕರೆಂದು ಅಂದಾಜು ಮಾಡಲಾಯಿತು. ಹಸಿ ಮೊಟ್ಟೆಯ ದ್ರವ ಸಾಗಿಸಿದ್ದ ಟ್ಯಾಂಕರಿನಲ್ಲೇ ಐಸ್‌ಕ್ರೀಮಿನ ಮಿಶ್ರಣವನ್ನೂ ಸಾಗಿಸಿದ್ದರು, ಆಮೇಲೆ ಅದನ್ನು ಮತ್ತೆ ಕಾಯಿಸಲಿಲ್ಲ. ಹೆಪ್ಪುಗಟ್ಟಿದ್ದರಿಂದ ಯಾರೂ ಬಚಾವಾಗಲಿಲ್ಲ.

ನಮ್ಮಲ್ಲಿ ಮೀನು, ಶವ, ಕಾರ್ಖಾನೆಗೆಂದು ಮಾಡುವ ಐಸ್ ಗಡ್ಡೆಯೇ ಕಬ್ಬಿನ ಹಾಲಿಗೂ ಗೋಲಾಕ್ಕೂ ಬೀಳುತ್ತದೆ ಎಂಬ ದೂರು ಹಳೆಯದು. ಅದಕ್ಕೆಂದೇ ತಿನ್ನಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತು. ಮಗುವನ್ನು ಕಾಡುವ ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಎಲ್ಲವೂ ಕೊಳಕು ನೀರಿನ ಮೂಲಕ ಬರುತ್ತವೆ. ಮನೆಯಲ್ಲೇ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ: ಅಲ್ಲಿ ನೀರು ನಿಮ್ಮ ಕೈಯಲ್ಲಿರುತ್ತದೆ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಕಿಲ್ಲ. ಸಕ್ಕರೆ ತಿಂದ ಮಕ್ಕಳು ಕುಣಿದಾಡುತ್ತಾರೆ ಎನ್ನುತ್ತಾರೆ. 1994ರ ಒಂದು ಪ್ರಯೋಗದಲ್ಲಿ ಮಕ್ಕಳಿಗೆ ಸಕ್ಕರೆಯನ್ನೇ ಕೊಡದೆ ‘ಕೊಟ್ಟಿದ್ದೇವೆ’ ಎಂದಾಗ ತಾಯಂದಿರಿಗೆ ಅವರು ಹೆಚ್ಚು ಚಂಚಲರಾಗಿ ಕಂಡರು. ಸಕ್ಕರೆ ಹಾಳುಮಾಡುವುದು ಹಲ್ಲನ್ನು. ಬೆಲ್ಲದ ಪಾನಕ ಎಷ್ಟು ಕುಡಿದರೂ ಆಗುತ್ತದೆ ಎಂಬುದೂ ಸುಳ್ಳು, ಬೆಲ್ಲವೂ ಬಹುಪಾಲು ಸಕ್ಕರೆಯೇ. ಹಾಲು ಕುಡಿದರೆ ಕಫ ಹೆಚ್ಚುವುದಿಲ್ಲ. ಅದು ಎಂಜಲಿನ ಜೊತೆ ಬೆರೆತು ಬಾಯಿ ಅಂಟಂಟಾಗುತ್ತದೆ, ಅಷ್ಟೆ. ಊಟದ ಮೇಲೆ ತಣ್ಣೀರು ಕುಡಿದರೆ ಎಣ್ಣೆ ಗಟ್ಟಿಯಾಗಿ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಅಪ್ಪಟ ಸುಳ್ಳು. ಫ್ರೀಜರಿನಲ್ಲಿಟ್ಟ ನಿಂಬೆ ಕೀಮೋಥೆರಪಿಗಿಂತ ಸಾವಿರಾರು ಪಟ್ಟು ಮೇಲು ಎಂಬ ಸಂದೇಶವಂತೂ ಕ್ರೂರ. ನಿಜವಾದ ರೋಗಿ ಅದನ್ನು ನಂಬಿ ಚಿಕಿತ್ಸೆ ಬಿಟ್ಟರೆ ಹೊಣೆ ಯಾರು? ತಣ್ಣೀರೇ ಕ್ಯಾನ್ಸರ್ ತರುತ್ತದೆ ಎಂದು ಬೆಳಿಗ್ಗೆ ಕಳಿಸಿದವರೇ ತಣ್ಣಗಿನ ನಿಂಬೆ ಕ್ಯಾನ್ಸರ್ ಕಳೆಯುತ್ತದೆ ಎಂದು ರಾತ್ರಿ ಕಳಿಸುತ್ತಾರೆ, ಎರಡನ್ನೂ ಅಷ್ಟೇ ಶ್ರದ್ಧೆಯಿಂದ. ಓದು ಬರಹ ಬಲ್ಲ ಮನೆಗಳಲ್ಲೇ ಇದು ಹೆಚ್ಚು. ಓದಿದ ವಿಜ್ಞಾನ ಪರೀಕ್ಷೆಯ ಹಾಳೆಯಿಂದ ಅಡುಗೆಮನೆಯವರೆಗೆ ಬರಲೇ ಇಲ್ಲ.

ಮಕ್ಕಳಿಗೆ ಆ ಗತಿ ಬೇಡ. ಪುನರ್ಪುಳಿ ಶರಬತ್ತು, ಎಳ್ಳಿನ ಜ್ಯೂಸು, ಹೆಸರುಕಾಳಿನ ಜ್ಯೂಸು, ಕರಬೂಜದ ಪಾನಕ, ಯಾವುದನ್ನಾದರೂ ಕ್ಯಾಂಡಿ ಮಾಡಬಹುದು, ಪ್ರತಿಯೊಂದರಲ್ಲೂ ನೋಡುವಂಥದ್ದಿದೆ. ಪಾನಕ ಬರೀ ನೀರಿಗಿಂತ ತಡವಾಗಿ ಗಟ್ಟಿಯಾಗುತ್ತದೆ, ಸಿಹಿ ಹೆಚ್ಚಿದಷ್ಟೂ ಕ್ಯಾಂಡಿ ಮೆತ್ತಗಿರುತ್ತದೆ. ಸಕ್ಕರೆ ನೀರನ್ನು ಸುಲಭವಾಗಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಜೋರಾಗಿ ಚೀಪಿದರೆ ರಂಗಿನ ಸಿಹಿರಸವೆಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಬೆಳ್ಳನೆಯ ಸಪ್ಪೆ ಐಸ್ ಉಳಿಯುತ್ತದೆ, ಏಕೆಂದರೆ ನೀರು ಹರಳುಗಟ್ಟುವಾಗ ಸಕ್ಕರೆಯನ್ನು ಹೊರಗೆ ತಳ್ಳಿರುತ್ತದೆ. ದೊಡ್ಡ ಪಾತ್ರೆಯಲ್ಲಿ ಐಸ್ ಚೂರಿಗೆ ಕಲ್ಲುಪ್ಪು ಬೆರೆಸಿ, ನಡುವೆ ಸಿಹಿಹಾಲಿನ ಸಣ್ಣ ಡಬ್ಬಿ ಇಟ್ಟು ತಿರುಗಿಸಿದರೆ ಫ್ರೀಜರೇ ಇಲ್ಲದೆ ಐಸ್‌ಕ್ರೀಂ ಆಗುತ್ತದೆ. ಉಪ್ಪು ತಾನಾಗಿ ತಂಪಲ್ಲ. ಅದು ಐಸನ್ನು ಸೊನ್ನೆಗಿಂತ ಕೆಳಗೂ ಕರಗಿಸುತ್ತದೆ. ಕರಗಲು ಬೇಕಾದ ಶಾಖವನ್ನು ಐಸ್ ಸುತ್ತಲಿನಿಂದ, ಅಂದರೆ ಹಾಲಿನಿಂದಲೂ, ಎಳೆದುಕೊಳ್ಳುತ್ತದೆ. ಆ ಮಿಶ್ರಣ ಸೊನ್ನೆಗಿಂತ 21 ಡಿಗ್ರಿಯವರೆಗೂ ಕೆಳಗಿಳಿಯಬಲ್ಲದು, ಬರಿಗೈ ಹಾಕಲು ಬಿಡಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ಬೆರೆಸಿದ್ದನ್ನೂ, ತೀರ ಚಿಕ್ಕ ಮಕ್ಕಳಿಗೆ ಗಟ್ಟಿ ಐಸ್ ಚೂರನ್ನೂ ಕೊಡಬೇಡಿ; ಜೇನಿನಿಂದ ಬಾಟ್ಯುಲಿಸಂ ಎಂಬ ವಿಷಬಾಧೆಯಾಗಬಹುದು, ಐಸ್ ಚೂರು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಈ ರಜೆಯಲ್ಲಿ ನೀರು ಕುದಿಸಿ ಆರಿಸಿ, ಮಕ್ಕಳ ಕೈಗಳನ್ನು ಸಾಬೂನಿನಲ್ಲಿ ತೊಳೆಸಿ, ತಲೆಗೊಂದು ಕಡ್ಡಿ ಕೊಡಿ. ನಡುವೆ ಯಾರಿಗಾದರೂ ನೆಗಡಿ ಬಂದರೆ ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಔಷಧಿ ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ಕೇಳಬೇಡಿ, ಅದು ವೈರಸ್ಸಿಗೆ ನಾಟುವುದೇ ಇಲ್ಲ. ಉಸಿರಾಟ ಕಷ್ಟವಾದರೆ, ಜ್ವರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಫ್ರೀಜರಿನಲ್ಲಿ ಉಳಿದ ಕ್ಯಾಂಡಿಯನ್ನು ಮಾತ್ರ ಎಸೆಯಬೇಡಿ.