ಒಂದು ರೂಪಾಯಿ, ಅರವತ್ತನಾಲ್ಕು ಕಾರ್ಡು

ಕಷ್ಟ ಉಂಡವರೆಲ್ಲ ಕರುಣಾಳುಗಳಾಗುತ್ತಾರೆ ಎಂಬ ನಂಬಿಕೆ ಲೋಕದಲ್ಲಿದೆ. ಅನುಭವ ಹಾಗೆ ಹೇಳುವುದಿಲ್ಲ. ‘ನಾವು ಬೀದಿದೀಪದ ಕೆಳಗೆ ಓದಿದವರು, ಈಗಿನ ಮಕ್ಕಳಿಗೇನು ಕೊರತೆ?’ ಎನ್ನುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಶುಲ್ಕ ಕಟ್ಟಲಾಗದ ಹುಡುಗನ ಮೇಲೆ ಅತ್ಯಂತ ಕಟುವಾಗಿ ಮಾತನಾಡುತ್ತಿದ್ದವರು ಎಷ್ಟೋ ಸಲ ತಾವೇ ಹಾಗೆ ಬೆಳೆದವರಾಗಿದ್ದುದನ್ನು ಶಾಲೆಯ ಕೊಠಡಿಗಳಲ್ಲಿ ಕಂಡಿದ್ದೇನೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎರಡು ಸೂತ್ರಗಳನ್ನು ಒಂದರ ಪಕ್ಕದಲ್ಲಿ ಒಂದು ಇರಿಸಿದ್ದಾರೆ. ದುಃಖ, ಶೋಕ, ಆಕ್ರಂದನ ಮುಂತಾದವುಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಮೊದಲನೆಯದು ತಿಳಿಸುತ್ತದೆ. ಜೀವಿಗಳಲ್ಲಿ ಅನುಕಂಪೆ, ದಾನ, ಕ್ಷಮೆ ಇವು ಸಾತಾವೇದನೀಯಕ್ಕೆ ಕಾರಣವೆಂದು ಎರಡನೆಯದು. ಹಳೆಯ ನೋವನ್ನು ನೆನೆದು ಕೊರಗುವವನೂ ಅದನ್ನೇ ಮತ್ತೊಬ್ಬರ ಮೇಲೆ ಹೊರಿಸುವವನೂ ಮೊದಲ ಸೂತ್ರದ ಒಳಗೇ ಉಳಿಯುತ್ತಾರೆ. ಎರಡನೆಯದಕ್ಕೆ ದಾಟಲು ಪುರುಷಾರ್ಥ ಬೇಕು. ಹಾಗೆ ದಾಟಿದವರಲ್ಲಿ ನನಗೆ ಮೊದಲು ನೆನಪಾಗುವವರು ಪೂಜ್ಯ ಗಣೇಶಪ್ರಸಾದ ವರ್ಣೀಜಿ.

ಬುಂದೇಲಖಂಡದ ಹಸೇರಾ ಎಂಬ ಹಳ್ಳಿಯಲ್ಲಿ 1874ರಲ್ಲಿ ಜನಿಸಿದ ಅವರು ಹುಟ್ಟಿನಿಂದ ವೈಷ್ಣವರು. ಮಡಾವರಾ ಊರಿನ ಜಿನಮಂದಿರದ ಶಾಸ್ತ್ರಪ್ರವಚನ ಕೇಳಿ ಬಾಲ್ಯದಲ್ಲಿಯೇ ರಾತ್ರಿಭೋಜನವನ್ನು ತೊರೆದರು. ಮನೆಯವರಿಗೂ ಕುಲದವರಿಗೂ ಅದು ಹಿಡಿಸಲಿಲ್ಲ. ತಂದೆ ತೀರಿಕೊಂಡ ಮೇಲೆ ಬಡತನ. ಕೆಲಕಾಲ ಹಳ್ಳಿಶಾಲೆಯ ಮಾಸ್ತರಿಕೆ. ಅಲ್ಲಿಂದ ಮುಂದೆ ವಿದ್ಯೆಯನ್ನು ಅರಸಿ ಅಲೆದಾಟ. ಕಾಲ್ನಡಿಗೆ, ಜ್ವರ, ಕಾಸಿಲ್ಲದ ಕೈ, ಹಸಿದ ಹೊಟ್ಟೆ: ಇವೆಲ್ಲವನ್ನೂ ಅವರು ‘ಮೇರೀ ಜೀವನ ಗಾಥಾ’ ಎಂಬ ಆತ್ಮಕಥೆಯಲ್ಲಿ ಯಾವ ಮರೆಮಾಚುವಿಕೆಯೂ ಇಲ್ಲದೆ ಬರೆದಿದ್ದಾರೆ. ಆ ಅಲೆದಾಟದಲ್ಲಿ ಅವರನ್ನು ಮಗನೆಂದು ಅಪ್ಪಿಕೊಂಡವರು ಸಿಮರಾ ಗ್ರಾಮದ ಚಿರೌಂಜಾಬಾಯಿ. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಉಂಡ ಆ ತಾಯಿ ಊಟ ಹಾಕಿದರು, ಓದಿಗೆ ಹಣ ಕೊಟ್ಟರು. ವರ್ಣೀಜಿ ಜೀವನಪೂರ್ತಿ ಅವರನ್ನು ಧರ್ಮಮಾತೆಯೆಂದೇ ಕರೆದರು. ವರ್ಣೀಜಿಯ ಸೇವೆಯನ್ನು ಕೊಂಡಾಡುವ ನಾವು ಈ ತಾಯಿಯನ್ನು ಸುಲಭವಾಗಿ ಮರೆತುಬಿಡುತ್ತೇವೆ.

ನ್ಯಾಯಶಾಸ್ತ್ರ ಕಲಿಯಲೆಂದು ಕಾಶಿಗೆ ಹೋದಾಗ ಅವರಿಗೆ ದೊಡ್ಡ ಪೆಟ್ಟು ಬಿತ್ತು. ಪ್ರಸಿದ್ಧ ವಿದ್ವಾಂಸರೊಬ್ಬರು, ಬಂದ ವಿದ್ಯಾರ್ಥಿ ಜೈನನೆಂದು ತಿಳಿದೊಡನೆ ಪಾಠ ಹೇಳಲು ನಿರಾಕರಿಸಿ, ನಾಸ್ತಿಕನೆಂದು ಜರೆದು ಹೊರಗೆ ಕಳುಹಿಸಿದರು. ಕಲಿಯಬೇಕೆಂಬ ಹಂಬಲವಿದ್ದೂ ಬಾಗಿಲು ಮುಚ್ಚಿಸಿಕೊಂಡವನ ಸಂಕಟ ಎಂಥದೆಂದು ಓದುಗರು ಊಹಿಸಬಹುದು. ಬೇರೆ ಗುರುಗಳು ಮುಂದೆ ದೊರೆತರು. ವರ್ಣೀಜಿಗೆ ಅಷ್ಟೇ ಸಾಕಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತನ್ನ ಹಿಂದೆ ಬರುವ ಬಡ ಹುಡುಗರು ಇದೇ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದಲ್ಲ ಎಂಬ ಚಿಂತೆ ಅವರನ್ನು ಹಿಡಿಯಿತು. ಆ ಕಾಲದ ಬುಂದೇಲಖಂಡದಲ್ಲಿ ತತ್ತ್ವಾರ್ಥಸೂತ್ರವನ್ನು ತಪ್ಪಿಲ್ಲದೆ ಓದಬಲ್ಲವನೇ ಪಂಡಿತನೆನಿಸಿಕೊಳ್ಳುವಷ್ಟು ಅಜ್ಞಾನವಿತ್ತು.

ಕಾಶಿಯಲ್ಲಿ ಜೈನ ವಿದ್ಯಾಲಯವೊಂದು ಆಗಬೇಕೆಂದು ಅವರು ಹೇಳಿದಾಗ ಶ್ರಾವಕರೊಬ್ಬರು ಒಂದು ರೂಪಾಯಿ ಕೊಟ್ಟರು. ಆಗ ರೂಪಾಯಿಗೆ ಅರವತ್ತನಾಲ್ಕು ಪೈಸೆ, ಅಂಚೆ ಕಾರ್ಡಿಗೆ ಒಂದು ಪೈಸೆ. ವರ್ಣೀಜಿ ಅರವತ್ತನಾಲ್ಕು ಕಾರ್ಡುಗಳನ್ನು ಕೊಂಡು ಅರವತ್ತನಾಲ್ಕು ಊರುಗಳ ಮುಖಂಡರಿಗೆ ಬರೆದರು. (ಇಂದು ಕಟ್ಟಡದ ನಕ್ಷೆಯಿಂದ ಆರಂಭವಾಗುವ ಸಂಸ್ಥೆಗಳನ್ನು ಕಂಡಾಗ ನನಗೆ ಈ ಕಾರ್ಡುಗಳು ನೆನಪಾಗುತ್ತವೆ.) ಉತ್ತರಗಳು ಬಂದವು, ನೆರವು ಬಂದಿತು. 1905ರ ಶ್ರುತಪಂಚಮಿಯಂದು ಗಂಗಾತೀರದ ಭದೈನಿಯಲ್ಲಿ ಮುಂಬಯಿಯ ದಾನಿ ಸೇಠ್ ಮಾಣಿಕಚಂದರು ಸ್ಯಾದ್ವಾದ ವಿದ್ಯಾಲಯವನ್ನು ಉದ್ಘಾಟಿಸಿದರು. ಮೊದಲ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತವರಲ್ಲಿ ಸ್ಥಾಪಕರೂ ಒಬ್ಬರು! ಮೂವತ್ತರ ಗಡಿ ದಾಟಿದ್ದವರಿಗೆ ಎಳೆಯರ ಜೊತೆ ಕೂರಲು ಸಂಕೋಚವಾಗಲಿಲ್ಲ.

ಆಮೇಲೆ ಮಧ್ಯಪ್ರದೇಶದ ಸಾಗರದಲ್ಲಿ, ಬುಂದೇಲಖಂಡದ ಬೇರೆ ಬೇರೆ ಊರುಗಳಲ್ಲಿ ಪಾಠಶಾಲೆಗಳು ಎದ್ದವು. ಊಟ, ವಸತಿ, ಪಾಠ ಒಂದೆಡೆ ಸಿಕ್ಕಿದ್ದರಿಂದ ಹಳ್ಳಿಯ ನಿರ್ಗತಿಕ ಮನೆಗಳ ಮಕ್ಕಳು ಬಂದರು. ಸಣ್ಣ ಕಾರಣಗಳಿಗಾಗಿ ಜಾತಿಯಿಂದ ಹೊರಗಿಟ್ಟ ಕುಟುಂಬಗಳನ್ನು ಪಂಚರೊಡನೆ ವಾದಿಸಿ ಮತ್ತೆ ಮಂದಿರದೊಳಕ್ಕೆ ಕರೆತಂದುದೂ ಅವರ ಕಾರ್ಯವೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಒಂದು: ಜಾರುತ್ತಿರುವವನನ್ನು ಹಿಡಿದು ಮಾರ್ಗದಲ್ಲಿ ನಿಲ್ಲಿಸುವುದು. ಅದನ್ನು ನಾವು ವ್ರತಭ್ರಷ್ಟನಾಗುವವನಿಗೆ ಮಾತ್ರ ಅನ್ವಯಿಸುತ್ತೇವೆ. ಹಸಿವಿನಿಂದ ಓದು ಬಿಡುವ ಹುಡುಗನೂ ಜಾರುತ್ತಿರುವವನೇ ಎಂದು ವರ್ಣೀಜಿ ತಿಳಿದಂತೆ ತೋರುತ್ತದೆ.

ಇದರ ಫಲ ಕನ್ನಡನಾಡಿಗೂ ತಲುಪಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ನಮ್ಮ ಹಿರಿಯರು ಕಾಪಾಡಿದ ತಾಳೆಗರಿಗಳಲ್ಲಿ ಜಯಧವಲವೂ ಒಂದು. ಅದು 1944ರಿಂದ ಹಿಂದೀ ಅನುವಾದದೊಡನೆ ಸಂಪುಟಗಳಾಗಿ ಅಚ್ಚಾಗಿ ಬರತೊಡಗಿದಾಗ ಸಂಪಾದಕರಲ್ಲಿ ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳೂ ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರೂ ಇದ್ದರು. ಕೈಲಾಶಚಂದ್ರರು ಭದೈನಿಯ ವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಪ್ರಾಚಾರ್ಯರಾದವರು. ಮಹೇಂದ್ರಕುಮಾರರು ಸಾಗರ ಸೀಮೆಯ ಖುರಈಯಲ್ಲಿ ಹುಟ್ಟಿ, ಅದೇ ವಿದ್ಯಾಲಯದಲ್ಲಿ ನ್ಯಾಯಶಾಸ್ತ್ರ ಬೋಧಿಸಿದವರು. ವರ್ಣೀಜಿಗೆ ಕಾಶಿಯಲ್ಲಿ ನಿರಾಕರಿಸಲಾಗಿದ್ದ ಪಾಠವೂ ಅದೇ ನ್ಯಾಯಶಾಸ್ತ್ರ.