ವಾಡಿಯಲ್ಲಿ ವಾಸ, ಊರಿನಲ್ಲಿ ವೋಟು

ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆ ಎಳೆದಾಗ ನಮ್ಮಲ್ಲಿ ಒಂದು ಮಾತು ಬರುವುದುಂಟು: "ಜಡ್ಜನ್ನೂ ನಾವೇ ವೋಟು ಹಾಕಿ ಆರಿಸುವ ಹಾಗಿದ್ದರೆ!" ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಗೆಯೇ ಉಂಟು. ಆದರೆ ಜನ ಬರುತ್ತಾರಾ? ವಿಸ್ಕಾನ್ಸಿನ್ ರಾಜ್ಯದಲ್ಲಿ 2024ರ ನವೆಂಬರಿನ ಅಧ್ಯಕ್ಷ ಚುನಾವಣೆಗೆ ಸುಮಾರು 34 ಲಕ್ಷ ವೋಟು ಬಿತ್ತು. ಐದೇ ತಿಂಗಳ ನಂತರ, 2025ರ ಏಪ್ರಿಲ್ 1ರಂದು, ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಚುನಾವಣೆಗೆ ಬಿದ್ದದ್ದು 23 ಲಕ್ಷ ಚಿಲ್ಲರೆ. ಅಂಥ ಚುನಾವಣೆಗಳ ಮಟ್ಟಿಗೆ ಅದೇ ದಾಖಲೆ!

ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುವುದು ರಾಜ್ಯಪಾಲರು, ಹೈಕೋರ್ಟಿನ ಸಮಾಲೋಚನೆಯೊಂದಿಗೆ. ಸಂವಿಧಾನದ 233ನೇ ವಿಧಿ ಹೇಳುವುದು ಇದನ್ನೇ. ಅಲ್ಲಿ ನಮ್ಮ ವೋಟಿಲ್ಲ. ಆದರೆ ಕೋರ್ಟುಗಳು ನಡೆಸುವ ಕಾಯ್ದೆ ಮಾಡುವವರನ್ನು, ಕೋರ್ಟಿನ ಕಟ್ಟಡಕ್ಕೂ ಹುದ್ದೆಗೂ ದುಡ್ಡು ಮಂಜೂರು ಮಾಡುವವರನ್ನು ಆರಿಸುವವರು ನಾವೇ.

ಆ ವೋಟಿನ ಲೆಕ್ಕ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡದಲ್ಲಿ ಶೇ 77ಕ್ಕಿಂತ ಹೆಚ್ಚು ಮತದಾನ. ವಾಡಿ, ಚಿತ್ತಾಪುರ, ಸೇಡಂ ಸೇರಿದ ಗುಲ್ಬರ್ಗದಲ್ಲಿ ಸುಮಾರು ಶೇ 62. ಅದೇ 2020ರ ಡಿಸೆಂಬರಿನ ಗ್ರಾಮ ಪಂಚಾಯತ್ ಚುನಾವಣೆಯ ಮೊದಲ ಹಂತದಲ್ಲಿ ಇಡೀ ರಾಜ್ಯದ ಮತದಾನ ಸುಮಾರು ಶೇ 82. ನಿಂತವರ ಮುಖ ಪರಿಚಯ ಇದ್ದರೆ ಜನ ಮತಗಟ್ಟೆಗೆ ಬರುತ್ತಾರೆ. ಪರಿಚಯವಿಲ್ಲದ ಜಡ್ಜಿಗೆ ವಿಸ್ಕಾನ್ಸಿನ್ ಜನ ಬಾರದ್ದಕ್ಕೂ ಇದೇ ಕಾರಣ ಇರಬಹುದು.

ಇನ್ನು ಊರು ಬಿಟ್ಟವರ ಸಂಗತಿ. ವಾಡಿ ಸಿಮೆಂಟಿನ ಊರು, ದೊಡ್ಡ ರೈಲ್ವೆ ಜಂಕ್ಷನ್. ಕರಾವಳಿಯಿಂದ ಇಂಥ ಕಡೆಗೆ ವ್ಯಾಪಾರಕ್ಕೋ ಕೆಲಸಕ್ಕೋ ಹೋದವರ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿದ್ದರೆ? 2024ರಲ್ಲಿ ದಕ್ಷಿಣ ಕನ್ನಡದ ಮತದಾನ ಏಪ್ರಿಲ್ 26, ಅದೂ ಶುಕ್ರವಾರ. ಗುಲ್ಬರ್ಗದ್ದು ಮೇ 7. ಒಂದು ವೋಟಿಗೆ ಅಂಗಡಿ ಮುಚ್ಚಿ, ರಾತ್ರಿಯೆಲ್ಲ ಪ್ರಯಾಣ ಮಾಡಿ ಬರ್ಲಿಕ್ಕೆ ಎಷ್ಟು ಜನರಿಗೆ ಆಗ್ತದೆ? ಬಾರದಿದ್ದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ದಾರಿ ಉಂಟು. ವಾಸ ಬದಲಾಗಿದ್ದರೆ ನಮೂನೆ 8, ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಎರಡು ಕಡೆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ. ಸಂಶಯವಿದ್ದರೆ 1950ಕ್ಕೆ ಕರೆ ಮಾಡಿ. ಮನೆಯ ಹೆಂಗಸರ, 18 ತುಂಬಿದ ಮಕ್ಕಳ ಹೆಸರನ್ನೂ ಈಗಲೇ ನೋಡಿಕೊಳ್ಳಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾದೀತು.